ಕಟಿಂಗ್ ಅಂಗಡಿಯವನ ಅಂಗಾಲು

ಅವನದು ಎರಡು ಕುರ್ಚಿಯ ಕಟಿಂಗ್ ಅಂಗಡಿ. ಅಪ್ಪ, ಮಗ ಅಕ್ಕಪಕ್ಕ ನಿಂತು ಕೆಲಸ ಮಾಡುತ್ತಿದ್ದ ಕಾಲದಲ್ಲಿ ಎರಡೂ ಬಿಡುವಿಲ್ಲದೆ ತಿರುಗುತ್ತಿದ್ದವು. ಅಪ್ಪ ಕೆಲಸ ಬಿಟ್ಟ ಮೇಲೆ ಒಂದರಲ್ಲಿ ಗಿರಾಕಿ ಕೂರುತ್ತಿದ್ದ, ಇನ್ನೊಂದರ ಮೇಲೆ ಒಗೆದ ಟವೆಲುಗಳು ಮತ್ತು ಹಳೆಯ ಪೇಪರುಗಳು ಕೂರುತ್ತಿದ್ದವು. ಬೀದಿಯವರು ಅವನನ್ನು ಕತ್ರಿಯಣ್ಣ ಎಂದು ಕರೆಯುತ್ತಿದ್ದರು. ಅದು ಕೈಯಲ್ಲಿದ್ದ ಕತ್ತರಿಗಿಂತ ಹೆಚ್ಚಾಗಿ ಅವನ ಬಾಯಿಯಿಂದಾಗಿ ಬಂದ ಹೆಸರು. ಯಾರ ಮಾತನ್ನಾದರೂ ಅರ್ಧಕ್ಕೆ ಕತ್ತರಿಸಿ ತನ್ನದೊಂದು ಸೇರಿಸದಿದ್ದರೆ ಅವನಿಗೆ ಸಮಾಧಾನ ಇರುತ್ತಿರಲಿಲ್ಲ.

ಶಟರ್ ಎತ್ತಿದ ಮೇಲೆ ಇಳಿಸುವವರೆಗೂ ನಿಂತೇ ಇರುವ ಕೆಲಸ. ಊಟವನ್ನೂ ಕನ್ನಡಿಯ ಮುಂದಿನ ಹಲಗೆಯ ಮೇಲೆ ಡಬ್ಬಿ ಇಟ್ಟುಕೊಂಡು ನಿಂತೇ ಮುಗಿಸುತ್ತಿದ್ದ. ಕಾಲು ನೋವು ಎಂದವರನ್ನು ಕಂಡರೆ ಅವನಿಗೆ ನಗು.

ಒಂದು ಬೆಳಿಗ್ಗೆ ಗಿರಾಕಿಯ ಕೆನ್ನೆಗೆ ನೊರೆ ಹಚ್ಚುತ್ತಿದ್ದಾಗ ಎಡಗಾಲಿನ ಚಪ್ಪಲಿಯೊಳಗೆ ಕಲ್ಲು ಸೇರಿದ ಹಾಗಾಯಿತು. ಕಳಚಿ ಕೊಡವಿದ. ಏನೂ ಬೀಳಲಿಲ್ಲ. ಮತ್ತೆ ಹಾಕಿಕೊಂಡ, ಕಲ್ಲು ಅಲ್ಲೇ ಇತ್ತು. ಇನ್ನೊಮ್ಮೆ ಕೊಡವುವಷ್ಟರಲ್ಲಿ ಗಿರಾಕಿಯ ಮುಖದ ನೊರೆ ಒಣಗಿ ಬಿರುಕು ಬಿಟ್ಟಿತ್ತು. ಮಧ್ಯಾಹ್ನ ಕಾಲು ಮಡಚಿ ನೋಡಿಕೊಂಡ. ಅಂಗಾಲಿನ ನಡುವೆ, ನೆಲ ತಾಗದ ಗುಳಿಯಲ್ಲಿ, ಹುಣಸೆಬೀಜದಷ್ಟು ದಪ್ಪದ ಗಂಟು. ಒತ್ತಿದರೆ ಜೀವ ಹೋಗುವಷ್ಟು ನೋವು. ಚರ್ಮ ಮಾತ್ರ ಮಗುವಿನ ಪಾದದಷ್ಟು ನುಣುಪಾಗಿತ್ತು.

ಅಂಗಡಿಯಲ್ಲಿ ಬಾಯಿ ಬಿಟ್ಟದ್ದೇ ತಪ್ಪಾಯಿತು. ಕುರ್ಚಿಗೆ ಬಂದ ಪ್ರತಿಯೊಬ್ಬನೂ ವೈದ್ಯನಾದ. ಇದು ಆಣಿಯೇ, ಸಂದೇಹವೇ ಬೇಡ ಎಂದರು ಎಲ್ಲರೂ. ಒಬ್ಬ ಬಿಸಿ ಇಟ್ಟಿಗೆಯ ಮೇಲೆ ನಿಲ್ಲು ಎಂದ, ಇನ್ನೊಬ್ಬ ಐಸಿನ ಮೇಲೆ ನಿಲ್ಲು ಎಂದ. ಮೆಡಿಕಲ್ ಶಾಪಿನವನು ಆಣಿಗೆ ಅಂಟಿಸುವ ಪಟ್ಟಿ ಕೊಟ್ಟ. ಅದು ಚೆನ್ನಾಗಿದ್ದ ಚರ್ಮವನ್ನು ಸುಟ್ಟು ಬೊಬ್ಬೆ ಎಬ್ಬಿಸಿತು, ಗಂಟು ಮಾತ್ರ ಅಲುಗಲಿಲ್ಲ. ಬೀದಿಯ ಕೊನೆಯ ಕ್ಲಿನಿಕ್ಕಿನ ಡಾಕ್ಟರು ಕಾಲನ್ನು ಮುಟ್ಟದೆ, ಮೇಜಿನ ಆಚೆಯಿಂದಲೇ ನೋಡಿ ಮಾತ್ರೆ ಬರೆದರು. ಮತ್ತೊಬ್ಬರು ಎಕ್ಸ್‌ರೇ ತೆಗೆಸಿ, ಮೂಳೆ ಸರಿಯಾಗಿದೆ, ನಿಮಗೇನೂ ಆಗಿಲ್ಲ ಎಂದು ಶುಭಾಶಯ ಹೇಳುವವರ ಹಾಗೆ ಕೈ ಕುಲುಕಿದರು. ಏನೂ ಆಗದವನು ಕುಂಟುತ್ತಾ ಮನೆಗೆ ಬಂದ. ಅಷ್ಟರಲ್ಲಿ ಮೊದಲ ಗಂಟಿನ ಪಕ್ಕದಲ್ಲಿ ಇನ್ನೊಂದು ಎದ್ದಿತ್ತು, ಬಲಗಾಲಿನಲ್ಲೂ ಒಂದು ಶುರುವಾಗಿತ್ತು.

ನೋವಿನ ಕಾಲನ್ನು ಉಳಿಸಿಕೊಳ್ಳಲು ಅವನು ಒಂದೇ ಕಡೆ ವಾಲಿ ನಿಲ್ಲತೊಡಗಿದ. ವಾಲಿದವನ ಕಣ್ಣಿಗೆ ಲೋಕವೂ ವಾಲಿತು. ಹೆಡ್‌ಮೇಷ್ಟ್ರು ಕಟಿಂಗ್ ಮುಗಿಸಿ ಹೋದವರು ಮರುದಿನವೇ ವಾಪಸು ಬಂದು ಕನ್ನಡಿಯ ಮುಂದೆ ನಿಂತರು. ಎಡಗಡೆಯ ಕೃತಾ ಬಲಗಡೆಯದಕ್ಕಿಂತ ಒಂದು ಬೆರಳು ಮೇಲಿತ್ತು. ಶಾಲೆಯಲ್ಲಿ ಮಕ್ಕಳೆಲ್ಲ ಕತ್ತು ಓರೆ ಮಾಡಿಕೊಂಡು ತಮ್ಮನ್ನು ನೋಡುತ್ತಿದ್ದಾರೆ ಎಂದು ದೂರಿದರು. ಕತ್ರಿಯಣ್ಣ ಸರಿ ಮಾಡಿಕೊಡುವ ಬದಲು, ನಿಮ್ಮ ಕಿವಿಯೇ ಸೊಟ್ಟಗಿದೆ ಎಂದುಬಿಟ್ಟ. ಹೆಡ್‌ಮೇಷ್ಟ್ರು ಮೆಟ್ಟಿಲಿಳಿದು ಎದುರುಗಡೆಯ ಎ.ಸಿ. ಸಲೂನಿಗೆ ಹೋದರು. ಅವರ ಹಿಂದೆ ಇನ್ನೂ ಕೆಲವರು ಹೋದರು.

ಮನೆಯಲ್ಲೂ ಸಿಡಿಮಿಡಿ. ಸಾರಿಗೆ ಉಪ್ಪು ಹೆಚ್ಚಾಯಿತು, ಬಾಗಿಲು ಕಿರುಗುಟ್ಟುತ್ತದೆ, ಅಪ್ಪನ ರೇಡಿಯೋ ಜೋರಾಯಿತು. ಕೊನೆಗೆ ಹೆಂಡತಿ, "ನಿಮ್ಮ ಕಾಲು ನೋವು ನಮ್ಮೆಲ್ಲರ ತಲೆಗೆ ಹತ್ತಿದೆ. ನಾಳೆ ದೊಡ್ಡಾಸ್ಪತ್ರೆಗೆ ಹೋಗೋಣ, ಇಲ್ಲಾಂದ್ರೆ ನೀವು ಅಂಗಡೀಲೇ ಮಲಗಿ," ಎಂದಳು.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಮೊದಲ ಬಾರಿಗೆ ಅವನ ಪಾದವನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಇದು ಆಣಿಯಲ್ಲ, ಚರ್ಮದ ಕೆಳಗೆ ಪಾದವನ್ನು ಬಿಗಿಹಿಡಿದಿರುವ ಪಟ್ಟಿಯಂಥ ಪದರದಲ್ಲಿ ಬೆಳೆದ ಗಂಟು ಎಂದರು. ಕ್ಯಾನ್ಸರ್ ಅಲ್ಲ ಎಂದೂ ಹೇಳಿದರು. ಬದುಕಿದೆ ಎಂದುಕೊಂಡು, ಹಾಗಾದರೆ ಕತ್ತರಿಸಿ ಬಿಸಾಡಿ ಎಂದ ಅವನು. ಡಾಕ್ಟರಮ್ಮ ಬೇಡವೆಂದು ತಲೆಯಾಡಿಸಿದರು. ಕತ್ತರಿಸಿದರೆ ಎಷ್ಟೋ ಜನಕ್ಕೆ ಮತ್ತೆ ಬೆಳೆಯುತ್ತದೆ, ಗಾಯದ ಕಲೆಯೂ ನೋಯುತ್ತದೆ. ಗಂಟಿರುವ ಜಾಗದಲ್ಲಿ ಗುಳಿ ಮಾಡಿದ ಮೆತ್ತನೆಯ ಅಟ್ಟೆಯನ್ನು ಚಪ್ಪಲಿಗೆ ಹಾಕಿಸಿಕೊಳ್ಳಿ, ನಿಲ್ಲುವುದನ್ನು ಕಡಿಮೆ ಮಾಡಿ ಎಂದರು. ಕಟಿಂಗ್ ಅಂಗಡಿಯವನಿಗೆ ನಿಲ್ಲಬೇಡ ಎನ್ನುವುದೂ ಮೀನಿಗೆ ನೀರು ಬಿಟ್ಟು ಬಾ ಎನ್ನುವುದೂ ಒಂದೇ ಎಂದು ಅವನು ಒಳಗೊಳಗೇ ಕುದಿದ.

ಆಮೇಲೆ ಅವರು ಅವನ ಎರಡೂ ಅಂಗೈ ತಡವಿ ಕೇಳಿದರು, "ನಿಮ್ಮನೇಲಿ ಯಾರಿಗಾದ್ರೂ ಬೆರಳು ಮಡಚಿಕೊಂಡು, ನೆಟ್ಟಗೆ ಮಾಡೋಕೆ ಆಗದೇ ಇರೋದು ಇದೆಯಾ? ಇದೂ ಅದೂ ಒಂದೇ ಜಾತಿ. ಕೆಲವು ಮನೆತನಗಳಲ್ಲಿ ಬರುತ್ತೆ."

ಹಾಗೇನೂ ಇಲ್ಲ ಎನ್ನಲು ಹೊರಟವನು ಅರ್ಧಕ್ಕೆ ನಿಂತ. ಅಪ್ಪ ಬಲಗೈಯನ್ನು ಸದಾ ಶಾಲಿನೊಳಗೆ ಇಟ್ಟುಕೊಂಡಿರುತ್ತಿದ್ದ. ಚಮಚ ಇಲ್ಲದೆ ಉಣ್ಣುತ್ತಿರಲಿಲ್ಲ. ವಯಸ್ಸಾದವರ ಹಟ ಎಂದು ಮನೆಯವರು ಬಿಟ್ಟಿದ್ದರು.

ಅಪ್ಪ ಕೆಲಸ ಬಿಟ್ಟದ್ದು ಕಣ್ಣು ಮಂಜಾಯಿತು ಎಂದು ಹೇಳಿ. ಆಗ ಕತ್ರಿಯಣ್ಣನಿಗೆ ಬಸ್ಸಿನ ಡ್ರೈವರ್ ಕೆಲಸ ಸಿಕ್ಕಿತ್ತು. ಹಾಯಾಗಿ ಕೂತು ಮಾಡುವ ಕೆಲಸ. ಅಂಗಡಿ ಮುಚ್ಚಬಾರದೆಂದು ಅದನ್ನು ಬಿಟ್ಟು ಕತ್ತರಿಯನ್ನೇ ಹಿಡಿದುಕೊಂಡು ಉಳಿದಿದ್ದ. ಕಣ್ಣು ಮಂಜಾದ ಅಪ್ಪ ಕನ್ನಡಕವಿಲ್ಲದೆ ಪೇಪರಿನ ಸಣ್ಣಕ್ಷರದ ಜಾಹೀರಾತನ್ನೂ ಓದುವುದನ್ನು ನೋಡಿ ನೋಡಿ ಅವನಿಗೆ ಸಿಟ್ಟು ಹತ್ತಿತ್ತು. ಅಪ್ಪ ಸೋಮಾರಿತನಕ್ಕೆ ತನ್ನನ್ನು ಬಲಿ ಕೊಟ್ಟ ಎಂದೇ ನಂಬಿದ್ದ.

ಆಸ್ಪತ್ರೆಯಿಂದ ಬಂದವನು ಚಪ್ಪಲಿಯನ್ನೂ ಬಿಡದೆ ಅಪ್ಪನ ಮುಂದೆ ನಿಂತು, "ಅಪ್ಪ, ಕೈ ತೋರಿಸು," ಎಂದ.

ಮುದುಕ ರೇಡಿಯೋ ಆರಿಸಿ, ಶಾಲಿನಿಂದ ಕೈ ಹೊರತೆಗೆದ. ಉಂಗುರದ ಬೆರಳೂ ಕಿರುಬೆರಳೂ ಅಂಗೈಗೆ ಬಾಗಿ ಅಂಟಿದ್ದವು. ಚರ್ಮದ ಕೆಳಗೆ ಹಗ್ಗದಂತೆ ಬಿಗಿದ ಪಟ್ಟಿಯೊಂದು ಎದ್ದು ಕಾಣುತ್ತಿತ್ತು. ಮಗ ಬೆರಳನ್ನು ಬಿಡಿಸಲು ನೋಡಿದ, ಆಗಲಿಲ್ಲ.

"ಕಣ್ಣು ಅಂತ ಯಾಕೆ ಹೇಳ್ದೆ?"

"ಕಣ್ಣು ಅಂದ್ರೆ ಜನ ಅಯ್ಯೋ ಪಾಪ ಅಂತಾರೆ. ಕೈ ಅಂದಿದ್ರೆ, ಇವರ ಮನೇಲಿ ಕೈಗೆ ಏನೋ ರೋಗ ಇದೆ ಅಂತಿದ್ರು. ಆಮೇಲೆ ನಿನ್ನ ಕುರ್ಚಿಗೆ ಯಾರು ಬರ್ತಿದ್ರು?"

"ಊರಿಗೆ ಬೇಡ. ನಂಗೆ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನು ಮತ್ತೆ ಕತ್ತರಿ ಮುಟ್ತಿರ್ಲಿಲ್ಲ," ಎಂದ ಅಪ್ಪ.

ಅದು ನಿಜವಾಗಿತ್ತು. ಅದಕ್ಕೇ ಅವನಿಗೆ ಇನ್ನಷ್ಟು ಸಿಟ್ಟು ಬಂತು. ಇಷ್ಟು ವರ್ಷ ಸೋಮಾರಿ ಎಂದು ಬೈದುಕೊಂಡದ್ದು ಸುಳ್ಳಾಯಿತು, ಆದರೆ ಮೋಸ ಹೋದದ್ದು ಸುಳ್ಳಾಗಲಿಲ್ಲ. ಹಿತ್ತಲಿಗೆ ಹೋಗಿ ಖಾಲಿ ಬಕೆಟ್ಟನ್ನು ಒದ್ದ. ಎಡಗಾಲಿನಿಂದಲೇ ಒದ್ದ. ನೋವಿಗೆ ಅಲ್ಲೇ ಕುಕ್ಕರಿಸಿ ಕೂತವನನ್ನು ಹೆಂಡತಿ ತೋಳು ಹಿಡಿದು ಎಬ್ಬಿಸಬೇಕಾಯಿತು.

ಗಾಲಿ ಇರುವ ಎತ್ತರದ ಸ್ಟೂಲನ್ನು ಹುಡುಕಿ ತಂದವಳು ಅವಳೇ. ಚಪ್ಪಲಿ ಹೊಲಿಯುವವನಿಂದ ಅಟ್ಟೆಯಲ್ಲಿ ಗಂಟಿನ ಅಳತೆಗೆ ಗುಳಿ ಕೊರೆಸಿದ್ದೂ ಅವಳೇ. ಸ್ಟೂಲಿನ ಮೊದಲ ದಿನಗಳು ಫಜೀತಿ. ಮೊಣಕಾಲು ಕುರ್ಚಿಗೆ ಬಡಿಯುತ್ತಿತ್ತು, ಬಿದ್ದ ಕೂದಲು ಗಾಲಿಗೆ ಸುತ್ತಿಕೊಳ್ಳುತ್ತಿತ್ತು, ನೆತ್ತಿ ಕೈಗೆ ಎಟುಕುತ್ತಿರಲಿಲ್ಲ. ಕೂತು ಕಟಿಂಗ್ ಮಾಡುವವನನ್ನು ಇದೇ ಮೊದಲು ನೋಡುತ್ತಿರುವುದಾಗಿ ಗಿರಾಕಿಗಳು ನಕ್ಕರು. ಒಬ್ಬ, ನಾನೇ ನಿಂತುಕೊಳ್ಳಲಾ ಎಂದು ಕೇಳಿದ. ಮತ್ತೊಬ್ಬ ಹೊಸದೊಂದು ಎಣ್ಣೆಯ ಹೆಸರು ಹೇಳಲು ಬಾಯಿ ತೆರೆದ. ಕತ್ರಿಯಣ್ಣ ಅಂದೇ ಕನ್ನಡಿಯ ಮೇಲೆ ರಟ್ಟಿನ ಬೋರ್ಡು ಕಟ್ಟಿದ: ‘ಕಾಲಿನ ಬಗ್ಗೆ ಸಲಹೆ ಕೊಡಬಾರದು.’

ಎ.ಸಿ. ಸಲೂನಿಗೆ ಹೋದವರಲ್ಲಿ ಅರ್ಧ ಜನ ಮರಳಿ ಬಂದರು, ಅರ್ಧ ಜನ ಬರಲಿಲ್ಲ. ಹೆಡ್‌ಮೇಷ್ಟ್ರು ಬರದವರ ಪೈಕಿ. ಗಂಟುಗಳು ಕರಗಲಿಲ್ಲ. ಅಟ್ಟೆಯಿಂದ ನಡೆಯುವುದು ಸಲೀಸಾಯಿತು, ಆದರೆ ನೆತ್ತಿಗೆಂದು ಎದ್ದು ನಿಂತಾಗಲೆಲ್ಲ ಹಲ್ಲು ಕಚ್ಚಬೇಕು. ಸ್ವಲ್ಪ ದಿನಗಳ ನಂತರ ಅಪ್ಪ ಅಂಗಡಿಗೆ ಬರತೊಡಗಿದ. ಕೈಯನ್ನು ಶಾಲಿನಿಂದ ಹೊರಗಿಟ್ಟುಕೊಂಡೇ ಎರಡನೆಯ ಕುರ್ಚಿಯಲ್ಲಿ ಕೂತು, ಎಡಗಡೆ ಇನ್ನೂ ಸ್ವಲ್ಪ ಇಳಿಸು, ಹಿಂದೆ ಕೂದಲು ಮೆಟ್ಟಿಲು ಮೆಟ್ಟಿಲಾಗಿದೆ ಎಂದು ತಪ್ಪು ಹಿಡಿಯುತ್ತಿದ್ದ. ಹೇಳುತ್ತಿದ್ದದ್ದು ಸರಿಯೇ ಇರುತ್ತಿತ್ತು. ಮಗ ಗೊಣಗುತ್ತಾ ಸ್ಟೂಲನ್ನು ಆ ಕಡೆ ಉರುಳಿಸಿ ಸರಿ ಮಾಡುತ್ತಿದ್ದ. ಬೋರ್ಡಿನಲ್ಲಿ ಕೂದಲಿನ ಸಲಹೆಯನ್ನೂ ಸೇರಿಸಬೇಕಿತ್ತು ಎಂದು ಮನೆಯಲ್ಲಿ ಹೆಂಡತಿಯ ಹತ್ತಿರ ದೂರುತ್ತಿದ್ದ.