ಖಡಕ್ ಹತ್ತೇತಿ

ಸಿಂದಗಿ ಕಡೆಯ ಯಂಕಪ್ಪ ಇಪ್ಪತ್ತು ವರ್ಷಗಳಿಂದ ಮುಂಬಯಿ ಪಕ್ಕದ ಠಾಣೆ ಊರಿನ ಸುತ್ತಮುತ್ತ ಪಾಯದ ಗುಂಡಿ ತೋಡುತ್ತಿದ್ದಾರೆ. ಮಣ್ಣನ್ನು ಅಂಗೈಯಲ್ಲಿ ತಿಕ್ಕಿ, ಮೂಸಿ, ಕೆಳಗೇನಿದೆ ಎಂದು ಹೇಳಿಬಿಡುತ್ತಾರೆ. ಅವರ ಮಾತಿಗೆ ಎದುರಾಡಿದವರು ಆಮೇಲೆ ಪಂಪು ಹಚ್ಚಿ ನೀರೆತ್ತಿದ್ದನ್ನು ಕಣ್ಣಾರೆ ಕಂಡಿದ್ದೇನೆ. ನಾನು ಶ್ರೀವಿದ್ಯಾ, ಮೈಸೂರಿನವಳು, ಕಟ್ಟಡದ ಎಂಜಿನಿಯರ್. ಐದು ವರ್ಷಗಳಿಂದ ಅವರ ಮಾತು ನಂಬಿಯೇ ನಕ್ಷೆ ಬರೆದವಳು.

ಕಳೆದ ತಿಂಗಳು ಠಾಣೆ ಹತ್ತಿರದ ದಿವಾ ಎಂಬಲ್ಲಿ ನಾಲ್ಕು ಮಹಡಿಯ ಕೆಲಸ. ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಕೆಸರಿಗೆ ಮಣ್ಣು ಹೊಯ್ದು ಮಾಡಿದ ಜಾಗ. ಬಂಡೆ ಮೇಲೆಯೇ ಸಿಕ್ಕರೆ ಒಂದೊಂದು ಕಂಬದ ಕೆಳಗೆ ಅಗಲವಾದ ಕಾಂಕ್ರೀಟ್ ಪಾದ ಕೂರಿಸಿದರೆ ಸಾಕು. ಸಿಗದಿದ್ದರೆ ಮಷೀನ್ ತರಿಸಿ, ಕೆಳಗಿನ ಬಂಡೆ ಮುಟ್ಟುವವರೆಗೆ ಪೈಲ್ ಎಂಬ ಕಾಂಕ್ರೀಟ್ ಕಂಬ ಇಳಿಸಬೇಕು, ಖರ್ಚು ಮೂರು ಪಟ್ಟು. ಬೋರ್ ಹಾಕಿ ಮಣ್ಣು ಪರೀಕ್ಷಿಸುವುದೂ ದಂಡ ಎಂದ ಮಾಲೀಕ. ನಾನೂ ಗೋಣು ಆಡಿಸಿದೆ. ಯಂಕಪ್ಪ ಇದ್ದಾರಲ್ಲ!

ಎಂಟು ಅಡಿ ಆಳದಿಂದ ಅವರು ಕೂಗಿದರು: "ಅಕ್ಕಾರ, ಖಡಕ್ ಹತ್ತೇತ್ರೀ!"

ಮರಾಠಿಯಲ್ಲಿ ಖಡಕ್ ಎಂದರೆ ಬಂಡೆ. ಸೈಟಿನಲ್ಲಿ ದಿನಾ ಕಿವಿಗೆ ಬೀಳುವ ಮಾತು. ಫೋನಿನಲ್ಲಿದ್ದ ನಾನು ಗುಂಡಿಗೆ ಇಣುಕಲೂ ಇಲ್ಲ. 'ಬಂಡೆ' ಎಂದು ಬರೆದುಕೊಂಡು ಪೈಲ್ ಬೇಡವೆಂದೆ.

ಕಾಂಕ್ರೀಟ್ ಲಾರಿ ಬಂದ ಬೆಳಿಗ್ಗೆ ಯಂಕಪ್ಪ ಹೆಣೆದಿಟ್ಟ ಕಂಬಿಗಳನ್ನು ನೋಡಿ ಕೇಳಿದರು, "ಪೈಲ್ ಮಷೀನ್ ಎಲ್ಲೈತ್ರೀ?"

"ಬಂಡೆ ಸಿಕ್ತು ಅಂದ್ರಲ್ಲ ಯಂಕಪ್ಪನೋರೇ?"

"ಬಂಡಿ ಅಂತ ಯಾರ ಅಂದಾರ್ರೀ? ಮಣ್ಣ ಖಡಕ್ ಹತ್ತೇತಿ ಅಂದ್ನಿ. ನಮ್ಮ ರೊಟ್ಟಿ ಖಡಕ್ ಇರೂದಿಲ್ಲೇನ್ರೀ, ಹಂಗ. ಮ್ಯಾಲಿನ ಪದರಷ್ಟ!"

ಅವರು ಕನ್ನಡದಲ್ಲಿ ಹೇಳಿದ್ದನ್ನು ಕನ್ನಡದವಳೇ ಆದ ನಾನು ಮರಾಠಿಯಲ್ಲಿ ಕೇಳಿಸಿಕೊಂಡಿದ್ದೆ. ಯಂಕಪ್ಪ ಗುಂಡಿಗಿಳಿದು ಹಾರೆ ಹಾಕಿದರು. ನಾಲ್ಕು ಏಟಿಗೆ ಪದರ ಒಡೆಯಿತು. ಐದನೆಯದಕ್ಕೆ ಹಾರೆ ಅವರ ಮುಷ್ಟಿಯವರೆಗೂ ಇಳಿದುಹೋಯಿತು, ಕಪ್ಪು ಕೆಸರು ಗುಳುಗುಳು ಮೇಲೆದ್ದಿತು.

ಲಾರಿಯನ್ನು ವಾಪಸು ಕಳಿಸಿದೆ. ಮಾಲೀಕ ಬಾಯಿಗೆ ಬಂದಂತೆ ಬೈದ. ಮಾಡಿದ್ದುಣ್ಣೋ ಮಹಾರಾಯ ಎಂದು ಕೇಳಿಸಿಕೊಂಡೆ. ಸದ್ಯ, ಯಾರ ತಲೆಯ ಮೇಲೂ ಬೀಳುವ ಮೊದಲೇ ಗೊತ್ತಾಯಿತಲ್ಲ ಎಂದು ಇಟ್ಟಿಗೆ ರಾಶಿಯ ಮೇಲೆ ಕುಸಿದೆ.

ಯಂಕಪ್ಪ ಮೇಲೆ ಬಂದವರು ಹಾರೆ ಹಿಡಿದು ನಿಂತೇ ಇದ್ದರು.

"ಅಕ್ಕಾರ, ಎರಡ ವರ್ಷದ ಹಿಂದ ಕಳವಾ ಊರಾಗ ಪಾಯಾ ತೋಡುವಾಗೂ ನಾ ಖಡಕ್ ಅಂತನ ಕೂಗಿದ್ನಿ. ಅಲ್ಲಿ ಪೈಲ್ ಹಾಕಿಸೀರಿ, ಹೌದಲ್ರೀ?"

ಹಾಕಿಸಿರಲಿಲ್ಲ. ಆ ಕಟ್ಟಡದಲ್ಲಿ ಈಗ ಹದಿನಾರು ಸಂಸಾರಗಳಿವೆ.