ಎರಡು ಕೇಬಲ್‌ಗಳ ಸೇತುವೆ

ರತ್ನಕ್ಕ, ಆ ಮೆಷಿನ್ ಕೆಡಿಸಿದ್ದು ನಂಜುಂಡಣ್ಣ ಅಲ್ಲ — ನಾನು.

ಚನ್ನರಾಯಪಟ್ಟಣದ ಸ್ಕ್ಯಾನಿಂಗ್ ಸೆಂಟರಿನಲ್ಲಿ ನಿಮ್ಮ ಯಜಮಾನರು ನಂಜುಂಡಣ್ಣನೂ ನಾನೂ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆವು. ಹೊರಗಿನ ಇಂಟರ್ನೆಟ್ಟಿಗೂ ನಮ್ಮ ಕಂಪ್ಯೂಟರುಗಳಿಗೂ ನಡುವೆ ಕಾವಲಿಗೆಂದು ಒಂದು ಫೈರ್‌ವಾಲ್ ಮೆಷಿನ್ ಇತ್ತು. ಹೊರಗಿನ ಕೇಬಲ್ ಸೇರುವ ಕಿಂಡಿಗೆ ಕುಂಕುಮ, ಒಳಗಿನದಕ್ಕೆ ಅರಿಶಿನ — ಅಣ್ಣ ಇಟ್ಟ ಗುರುತು. ಆಯುಧಪೂಜೆಯ ದಿನ ಅವರೇ ಕೇಬಲ್ ಬಿಚ್ಚಿ, ಒರೆಸಿ, ಮತ್ತೆ ಸಿಕ್ಕಿಸಿದರು. ಪೂಜೆಯ ಗಡಿಬಿಡಿಯಲ್ಲಿ ಎಲ್ಲ ಕಿಂಡಿಗೂ ಕುಂಕುಮ ಬಿತ್ತು.

“ಗುರುತೆಲ್ಲಾ ಕಲಸೋಯ್ತು, ನಗಬ್ಯಾಡ ಕಣ್ಲಾ. ನಾನು ಊರಿಂದ ಬರೋಗಂಟ ಅದುನ್ನ ಮುಟ್ಬ್ಯಾಡ,” ಎಂದು ಹೋದರು.

ನಾನು ಮುಟ್ಟಿದೆ.

ಸ್ಕ್ಯಾನುಗಳನ್ನು ಇಡಲು ಆ ಮೆಷಿನ್ನಿನೊಳಗೇ ಸಾಫ್ಟ್‌ವೇರಿನಿಂದ ಇನ್ನೊಂದು ವರ್ಚುವಲ್ ಕಂಪ್ಯೂಟರ್ ಮಾಡಿದ್ದೆವು. ಅದನ್ನು ಒಂದು ಬ್ರಿಡ್ಜ್, ಅಂದರೆ ಸಾಫ್ಟ್‌ವೇರಿನ ಸೇತುವೆ, ಮೂಲಕ ಒಳಗಿನ ಕೇಬಲ್ಲಿಗೆ ಮಾತ್ರ ಸೇರಿಸಬೇಕಿತ್ತು. ಯಾವುದು ಒಳಗಿನದು? ಫೋನ್ ಮಾಡಬಹುದಿತ್ತು. ಆದರೆ ಅವರಿಲ್ಲದೆಯೂ ನನಗೆ ಬರುತ್ತದೆ ಎಂದು ತೋರಿಸುವ ಹಟ — ಎರಡೂ ಕೇಬಲ್ಲುಗಳನ್ನು ಒಂದೇ ಬ್ರಿಡ್ಜಿಗೆ ಸೇರಿಸಿಬಿಟ್ಟೆ. ತಕ್ಷಣ ಕೆಲಸ ಮಾಡಿತು. ಕಾವಲಿನ ಪಕ್ಕದಲ್ಲೇ ಬಾಗಿಲು ತೆರೆದಿದ್ದೇನೆ ಎಂದು ತಿಳಿಯಲಿಲ್ಲ.

ಕೆಲವೇ ದಿನದಲ್ಲಿ ಯಾರೋ ಒಳಹೊಕ್ಕು ಸ್ಕ್ಯಾನುಗಳಿಗೆಲ್ಲ ಬೀಗ ಹಾಕಿದಂತೆ ಮಾಡಿ, ಯಾವುದೂ ತೆರೆಯದಂತೆ ಮಾಡಿದರು. ಹಳೆಯ ರಿಪೋರ್ಟ್ ಕೇಳಿಕೊಂಡು ನುಗ್ಗೇಹಳ್ಳಿಯಿಂದ ಬಂದವರು ಬರಿಗೈಯಲ್ಲಿ ಹೋದರು. ಯಾರೂ ನೋಡುವ ಮೊದಲೇ ನಾನು ಬ್ರಿಡ್ಜ್ ಸರಿಪಡಿಸಿಟ್ಟೆ. ಅದು ತಪ್ಪಲ್ಲ, ರತ್ನಕ್ಕ — ಮೋಸ.

“ಕೇಬಲ್ ಅದಲುಬದಲಾಗಿ ಕಳ್ಳರಿಗೆ ದಾರಿ ಆಗಿರಬೇಕು. ಪೂಜೆ ದಿನ ಬಿಚ್ಚಿ ಸಿಕ್ಕಿಸಿದ್ದು ನೀವೇ ತಾನೇ?” ಮ್ಯಾನೇಜರ್ ಕೇಳಿದರು.

“ಔದು ಸಾ, ನಾನೇಯ,” ಎಂದ ಅಣ್ಣ ನನ್ನ ಕಡೆ ತಿರುಗಿದರು. “ನೀನೇನೂ ಮುಟ್ನಿಲ್ಲ ಅಲ್ವೇನ್ಲಾ?”

“ಇಲ್ಲಣ್ಣ.”

ಅವರು ನಂಬಿದರು. ನನ್ನನ್ನು ನಂಬಿ, ತಮ್ಮ ಕೈಯನ್ನೇ ನಂಬದಾದರು. ಅವತ್ತೇ ಕೆಲಸ ಬಿಟ್ಟು ಹರದನಹಳ್ಳಿಗೆ ಹೋದರು.

ಮೊನ್ನೆ ಅವರ ತಿಥಿಗೆ ಬಂದಾಗ ನೀವು ಎಲೆಗೆ ಬಡಿಸುತ್ತಾ ಅಂದಿರಿ — “ಆವತ್ತಿಂದ ಸ್ಕೂಟರ್‌ಗೂ ಕುಂಕುಮ ಇಡ್ನಿಲ್ಲ ಕಣಪ್ಪ. ‘ನನ್ ಕೈ ಸರಿ ಇಲ್ಲ ಕಣೆ, ನೀನೇ ಇಡು’ ಅನ್ನೋರು. ನೀನೊಬ್ನೇಯ ಅವ್ರುನ್ನ ನೋಡಕ್ಕೆ ಬುಡ್ದೆ ಬಂದೋನು. ಇನ್ನೊಸಿ ಪಾಯ್ಸ ಆಕ್ಲಾ?”

ನಾನು ಎಲೆ ಮುಂದೆ ಮಾಡಿದೆ. ಉಂಡೆ. ಆಗಲೂ ಹೇಳಲಿಲ್ಲ...

ನಾಳೆ ಬೆಳಿಗ್ಗೆ ಬರುತ್ತೇನೆ. ಈ ಕಾಗದವನ್ನು ಯಾರ ಕೈಯಲ್ಲೂ ಕಳಿಸುವುದಿಲ್ಲ. ನಿಮ್ಮೆದುರು ನಿಂತು ನಾನೇ ಓದುತ್ತೇನೆ. ಕೂರು ಅನ್ನಬೇಡಿ, ರತ್ನಕ್ಕ. ಓದಿ ಮುಗಿಯುವವರೆಗೆ ನೀರನ್ನೂ ಕೊಡಬೇಡಿ.