ಸೋರೆ ಚಪ್ಪರಕ್ಕೆ ಬಂದ ಪತಂಗಗಳು

ನಮ್ಮ ಯಜಮಾನರು ದೊರೆಗಳ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದಾಗ ಜಾವಳಿ ಕಡೆಯ ಒಂದು ಸಣ್ಣ ಮನೆಯಲ್ಲಿದ್ದೆವು. ನಾನು ಮದುವೆಯಾಗಿ ಬಂದ ಹೊಸತು. ಗೊಬ್ಬರಗುಂಡಿಯ ಅಂಚಿನಲ್ಲಿ ನಾನು ಊರಿದ ಸೋರೆಬೀಜ ಬಳ್ಳಿಯಾಗಿ ಕೊಟ್ಟಿಗೆಯ ಪಕ್ಕದ ಚಪ್ಪರವನ್ನೆಲ್ಲ ತುಂಬಿತು. ಗುಂಡಿಯ ಸಗಣಿ, ಒಣಗಿದ ದರಗೆಲೆಯನ್ನೆಲ್ಲ ಬಿಳಿ ಹುಳಗಳು ತಿಂದು ಕಾಫಿಪುಡಿಯಂತೆ ಮಾಡಿದ್ದವು. ಕೂಲಿ ಕೇಳದ ಆಳುಗಳನ್ನು ದೇವರೇ ಕಳಿಸಿದ್ದ. ಆದರೆ ಕಾಯಿ ಮಾತ್ರ ಒಂದೂ ನಿಲ್ಲಲಿಲ್ಲ. ಹೂವಿನ ಹಿಂದೆ ಬೆರಳುದ್ದದ ಹೀಚು ಮೂಡುತ್ತಿತ್ತು, ಹಳದಿಗಟ್ಟಿ ಉದುರುತ್ತಿತ್ತು.

"ಮುಟ್ಟಾದಾಗ ಬಳ್ಳಿ ಹತ್ರ ಸುಳಿದಿದ್ದೀಯ. ಇನ್ನೆಂಥ ಕಾಯಿ?" ಎಂದರು ಅತ್ತೆ. "ಅಮಾವಾಸ್ಯೆವರೆಗೆ ನೋಡ್ತೀನಿ. ಆಮೇಲೆ ಬುಡ ಕಡಿದು ಅವರೆ ಹಾಕ್ತೀನಿ."

ನಾನು ಸುಳಿದಿರಲಿಲ್ಲ. ಬಳ್ಳಿ ಹೋದರೂ ಆ ಮಾತು ನನ್ನ ಮೇಲೆ ಉಳಿಯುತ್ತದಲ್ಲ ಎಂಬುದೇ ನನ್ನ ಸಂಕಟ.

ಆ ಸಲ ಮುಟ್ಟಾಗಿ ಹೊರಗೆ ಕೂತಾಗ ಹಿತ್ತಿಲ ಜಗಲಿಯೇ ನನ್ನ ಜಾಗ. ಬೇರೆ ದಿನಗಳಲ್ಲಿ ಮುಸ್ಸಂಜೆಯೆಂದರೆ ನನಗೆ ದೇವರ ದೀಪ, ಒಲೆ, ಅನ್ನ. ಸೋರೆಹೂ ಅರಳುವುದು ಅದೇ ಹೊತ್ತಿಗೆ ಎಂದು ಅಂದೇ ಕಂಡೆ. ಕೊಟ್ಟಿಗೆಗೆ ನುಸಿ ಬಾರದಂತೆ ದಿನಾ ಲಕ್ಕಿಸೊಪ್ಪಿನ ಹೊಗೆ ಹಾಕುತ್ತಿದ್ದೆವು. ಒಳಗಿನ ಕೆಲಸವೆಲ್ಲ ಒಬ್ಬರ ಮೇಲೇ ಬಿದ್ದು, ಅಂದು ಅತ್ತೆ ಅದನ್ನು ಮರೆತಿದ್ದರು. ಬಿಳಿ ಹೂಗಳ ಮುಂದೆ ಕಂದು ಬಣ್ಣದ ದಪ್ಪ ಪತಂಗಗಳು ಬಂದವು. ಕೂರದೆ ಗಾಳಿಯಲ್ಲೇ ನಿಂತು, ದಾರದಂಥ ಸೊಂಡಿಲನ್ನು ಹೂವಿನೊಳಗೆ ಇಳಿಸಿ, ಇನ್ನೊಂದಕ್ಕೆ ಹಾರಿದವು. ಮರುದಿನ ಹೊಗೆ ಎದ್ದಿತ್ತು. ಚಪ್ಪರದವರೆಗೆ ಬಂದ ಪತಂಗಗಳು ತಿರುಗಿ ಕಾಡಿನ ಕಡೆ ಹೋದವು.

ಜಗಲಿಯಿಂದಲೇ ಕೂಗಿದೆ. "ಅತ್ತೆ, ಸಂಜೆ ಸೋರೆಹೂವಿಗೆ ಬರೋ ಹುಳ ಹೊಗೆಗೆ ಹೆದರ್ತಾವೆ. ಅವು ಹೂವಿಂದ ಹೂವಿಗೆ ಹೋದ್ರೇ ಕಾಯಿ ನಿಲ್ಲೋದೇನೋ."

"ಓಹೋ! ಬಸುರಿ ಮಾಡೋಕೂ ಹುಳ ಬರ್ಬೇಕಾ ಬಳ್ಳಿಗೆ? ಕೂತು ಕೂತು ತಲೆ ಕೆಟ್ಟಿದೆ ನಿಂಗೆ."

"ಒಂದು ವಾರ ಹೊಗೇನ ಕೊಟ್ಟಿಗೆಯ ಆ ಬದಿಗೆ ಹಾಕಿ ನೋಡಿ. ಆಮೇಲೆ ಬೇಕಿದ್ರೆ ಕಡೀರಿ."

ಮರುಸಂಜೆ ನೋಡಿದರೆ ಹೊಗೆಯ ಮಡಕೆ ಕೊಟ್ಟಿಗೆಯ ಆಚೆ ಬಾಗಿಲಲ್ಲಿತ್ತು. "ನುಸಿ ಬರೋದು ಈ ಬಾಗಿಲಿಂದ್ಲೇ, ಅದಕ್ಕೆ," ಎಂದು ಅತ್ತೆ ಹಸುವಿಗೆ ವಿವರಿಸುತ್ತಿದ್ದರು.

ಮಿಂದು ಒಳಗೆ ಬಂದ ಮೇಲೆ ದಿನಾ ಹೋಗಿ ನೋಡಿದೆ. ಅತ್ತೆ ಹೊಗೆ ಮರೆತ ಆ ಸಂಜೆ ಅರಳಿದ ಹೂಗಳಲ್ಲಿ ಒಂದರ ಹೀಚು ಹಸಿರಾಗಿಯೇ ಉಳಿದು, ಭಾರಕ್ಕೆ ಬಗ್ಗಿತು. ಅದರ ಹಿಂದೆ ಇನ್ನೂ ನಾಲ್ಕಾರು. ಮೊದಲನೆಯದನ್ನು ಅತ್ತೆಯೇ ಕೊಯ್ದು ದೇವರ ಮುಂದಿಟ್ಟರು. ಮುಟ್ಟಿನ ಮಾತು ಎತ್ತಲಿಲ್ಲ. ನಾನು ದೇವರಿಗೆ ಕೈಮುಗಿದು, ಆ ಪತಂಗಗಳನ್ನೂ ಚೆನ್ನಾಗಿಡಪ್ಪಾ ಎಂದೆ.

ಮುಂದಿನ ತಿಂಗಳು ಗಾಳಿ ತಿರುಗಿ, ಹೊಗೆ ಎಲ್ಲಿಟ್ಟರೂ ಚಪ್ಪರಕ್ಕೇ ಬರತೊಡಗಿತು. ನಾನು ಮತ್ತೆ ಹೊರಗೆ ಕೂತಿದ್ದೆ. ಅತ್ತೆ ದೂರದಲ್ಲಿ ಕಾಫಿಯ ಲೋಟ ಇಟ್ಟು ಹೇಳಿದರು: "ನಿನ್ನ ಹುಳ ಬಂದು ಹೋದ್ಮೇಲೆ ಒಂದು ಕೂಗು ಹಾಕು ಮಾರಾಯ್ತಿ. ಆಮೇಲೇ ಹೊಗೆ ಹಾಕ್ತೀನಿ."